ಮೂಗಿನ ರಕ್ತಕ್ಕೆ ಹೀರುವ ಪ್ಲಗ್: ಹಾಕುವ ಕ್ರಮ, ತೆಗೆಯುವ ಕ್ರಮ

ಮೂಗಲ್ಲಿ ರಕ್ತ ಸುರಿಯತೊಡಗಿದರೆ ಮನೆಯಲ್ಲಿ ಒಬ್ಬರು ತಲೆ ಹಿಂದಕ್ಕೆ ಬಾಗಿಸು ಎನ್ನುತ್ತಾರೆ, ಇನ್ನೊಬ್ಬರು ನೆತ್ತಿಗೆ ತಣ್ಣೀರು ತಟ್ಟುತ್ತಾರೆ, ಮತ್ತೊಬ್ಬರು ದೇವರ ಮನೆಯಿಂದ ಹತ್ತಿ ತಂದು ಬತ್ತಿ ಹೊಸೆದು ಹೊಳ್ಳೆಗೆ ತುರುಕುತ್ತಾರೆ. ಮೊದಲನೆಯದು ಪೂರ್ತಿ ತಪ್ಪು. ಎರಡನೆಯದರಿಂದ ತಲೆ ಒದ್ದೆಯಾಗುತ್ತದೆ, ಅಷ್ಟೇ. ಮೂರನೆಯದು ಅರ್ಧ ಸರಿ. ರಕ್ತ ಒಸರುವ ಜಾಗಕ್ಕೆ ಒಳಗಿನಿಂದ ಒತ್ತುವ, ಹೀರುವ ವಸ್ತುವನ್ನು ಇಡುವುದು ಆಸ್ಪತ್ರೆಯಲ್ಲೂ ಮಾಡುವ ಕೆಲಸವೇ. ಬತ್ತಿ ಕೈಕೊಡುವುದು ತೆಗೆಯುವಾಗ. ಒಣಹತ್ತಿಯ ಎಳೆಗಳು ಹೆಪ್ಪಿನೊಳಗೆ ಹೆಣೆದುಕೊಂಡಿರುತ್ತವೆ. ಬತ್ತಿ ಎಳೆದರೆ ಹೆಪ್ಪೂ ಕಿತ್ತು ಬರುತ್ತದೆ, ರಕ್ತ ಮೊದಲಿನಿಂದ ಶುರು.

ಔಷಧಿ ಅಂಗಡಿಯ ಪ್ಲಗ್ ಬಳಸಿದವರೂ ಎಡವುವುದು ಹೆಚ್ಚಾಗಿ ಇಲ್ಲೇ. ಹಾಕುವುದನ್ನು ಹೇಗೋ ಹಾಕಿಬಿಡುತ್ತಾರೆ, ತೆಗೆಯುವಾಗ ಆತುರಪಡುತ್ತಾರೆ. ಹಾಗಾಗಿ ಈ ಬರಹದಲ್ಲಿ ತೆಗೆಯುವ ಭಾಗ ಸ್ವಲ್ಪ ಉದ್ದವಾಗಿಯೇ ಇದೆ.

ರಕ್ತ ಎಲ್ಲಿಂದ ಬರುತ್ತದೆ

ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗದಲ್ಲಿ, ತೋರುಬೆರಳ ತುದಿ ಮುಟ್ಟುವಷ್ಟು ದೂರದಲ್ಲೇ, ಹಲವು ಸಣ್ಣ ರಕ್ತನಾಳಗಳು ಬಂದು ಜಾಲದಂತೆ ಕೂಡಿಕೊಳ್ಳುತ್ತವೆ. ವೈದ್ಯರು ಇದನ್ನು ಲಿಟಲ್ಸ್ ಏರಿಯಾ ಅಥವಾ ಕೀಸೆಲ್‌ಬಾಕ್ ಜಾಲ ಎನ್ನುತ್ತಾರೆ. ಅಲ್ಲಿಯ ಪೊರೆ ತೀರಾ ತೆಳು, ಉಸಿರಿನ ಒಣಗಾಳಿ ನೇರ ಬಂದು ಬಡಿಯುವುದೂ ಅಲ್ಲಿಗೇ, ಉಗುರು ತಾಗುವುದೂ ಅಲ್ಲಿಗೇ. ಮೂಗಿನ ರಕ್ತಸ್ರಾವದಲ್ಲಿ ನೂರಕ್ಕೆ ಸುಮಾರು ತೊಂಬತ್ತು ಇಲ್ಲಿಂದಲೇ ಆಗುತ್ತದೆ. ಬೆರಳು ಒತ್ತಿದರೂ ಪ್ಲಗ್ ಇಟ್ಟರೂ ಕೆಲಸ ಮಾಡುವುದು ಇದಕ್ಕೇ.

ಉಳಿದವು ಮೂಗಿನ ಹಿಂಭಾಗದ ದೊಡ್ಡ ನಾಳಗಳಿಂದ ಬರುತ್ತವೆ. ವಯಸ್ಸಾದವರಲ್ಲಿ ಇದು ಹೆಚ್ಚು. ಮನೆಯಲ್ಲಿ ಹಾಕುವ ಪ್ಲಗ್ ಅಷ್ಟು ದೂರ ಹೋಗುವುದಿಲ್ಲ, ಹೋಗಲೂಬಾರದು. ಹಿಂದಿನಿಂದ ರಕ್ತ ಬರುತ್ತಿರುವಾಗ ಮುಂದೆ ಪ್ಲಗ್ ಹಾಕಿದರೆ ಹೊಳ್ಳೆ ಒಣಗಿ ಕಾಣುತ್ತದೆ, ರಕ್ತ ಮಾತ್ರ ಗಂಟಲಿಗೆ ಇಳಿಯುತ್ತಿರುತ್ತದೆ. ಪ್ಲಗ್‌ನ ಅತಿ ದೊಡ್ಡ ಅಪಾಯ ಇದೇ: ಅದು ರಕ್ತವನ್ನು ನಿಲ್ಲಿಸದೆಯೂ ಮರೆಮಾಡಬಲ್ಲದು.

ಯಾರು ಪ್ಲಗ್ ಹಾಕಿಕೊಳ್ಳಬಾರದು

ತಲೆಗೆ ಅಥವಾ ಮುಖಕ್ಕೆ ಜೋರು ಪೆಟ್ಟು ಬಿದ್ದು ರಕ್ತ ಬಂದಿದ್ದರೆ ಮೂಗಿನೊಳಗೆ ಏನನ್ನೂ ತುರುಕಬೇಡಿ. ಮೂಳೆ ಮುರಿದಿರಬಹುದು. ರಕ್ತದ ಜೊತೆ ಅಥವಾ ಆಮೇಲೆ ನೀರಿನಂಥ ತಿಳಿ ದ್ರವ ತೊಟ್ಟಿಕ್ಕಿದರೆ ಅದು ಮಿದುಳಿನ ಸುತ್ತಲಿನ ದ್ರವ ಇರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ರಕ್ತ ತೆಳುವಾಗಿಸುವ ಮಾತ್ರೆ (ವಾರ್ಫರಿನ್, ಅಸೆನೊಕುಮರಾಲ್, ಕ್ಲೋಪಿಡೋಗ್ರೆಲ್ ಇತ್ಯಾದಿ) ತೆಗೆದುಕೊಳ್ಳುವವರು ಮೂಗು ಹಿಡಿದು ಒತ್ತಬಹುದು, ಆದರೆ ಹದಿನೈದು ನಿಮಿಷದಲ್ಲಿ ನಿಲ್ಲದಿದ್ದರೆ ಪ್ಲಗ್ ಜೊತೆ ಪ್ರಯೋಗ ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೊರಡಬೇಕು. ಗಾಬರಿಯಲ್ಲಿ ಮಾತ್ರೆಯನ್ನು ತಾವೇ ನಿಲ್ಲಿಸುವುದೂ ಬೇಡ. ಹಿಮೋಫಿಲಿಯಾದಂಥ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ ಇರುವವರು ತಮ್ಮ ವೈದ್ಯರು ಹೇಳಿಕೊಟ್ಟ ಕ್ರಮವನ್ನೇ ಅನುಸರಿಸಬೇಕು.

ಜ್ವರದ ಜೊತೆ ಮೂಗಲ್ಲಿ ರಕ್ತ ಬಂದರೆ ಅದನ್ನು ಮೂಗಿನ ತೊಂದರೆ ಎಂದುಕೊಳ್ಳಬೇಡಿ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಾಗ ಹೀಗಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯಲ್ಲೂ ಮೂಗು, ವಸಡುಗಳಿಂದ ರಕ್ತ ಬರುತ್ತದೆ. ಡಿಸೆಂಬರ್‌ನಿಂದ ಮೇ ತನಕ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಂಚಿನಲ್ಲಿ ಓಡಾಡಿದವರಿಗೆ ಜ್ವರ, ಮೈಕೈ ನೋವು, ಜೊತೆಗೆ ಮೂಗಿನ ರಕ್ತ ಕಂಡರೆ ಅದೇ ದಿನ ತಪಾಸಣೆ ಆಗಬೇಕು. ಇಂಥ ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೆನ್ ನುಂಗಬಾರದು. ಹೊಲದಲ್ಲಿ ಕೊಳಕುಮಂಡಲ ಕಚ್ಚಿದವರಿಗೆ ಮೂಗು, ವಸಡುಗಳಲ್ಲಿ ರಕ್ತ ಒಸರುವುದಂತೂ ವಿಷ ಏರಿದೆ ಎಂಬುದರ ಗುರುತು.

ಮಕ್ಕಳ ವಿಷಯ: ಹನ್ನೆರಡು ವರ್ಷದೊಳಗಿನವರಿಗೆ ವೈದ್ಯರು ಹೇಳಿಕೊಡದೆ ಪ್ಲಗ್ ಬೇಡ. ಸಣ್ಣ ಮೂಗಿನೊಳಗೆ ಅದು ಹಿಂದಕ್ಕೆ ಜಾರಬಹುದು. ಬಹುಪಾಲು ಮಕ್ಕಳಿಗೆ ಮೂಗು ಒತ್ತಿ ಹಿಡಿದರೆ ಸಾಕಾಗುತ್ತದೆ. ಎರಡು ವರ್ಷದೊಳಗಿನ ಕೂಸಿಗೆ ರಕ್ತ ಬಂದರೆ ನಿಂತರೂ ವೈದ್ಯರಿಗೆ ತೋರಿಸಿ. ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಮತ್ತು ರಕ್ತ ಬರುತ್ತಿದ್ದರೆ ಕಡಲೆಕಾಳೋ ಮಣಿಯೋ ಒಳಗೆ ಕೂತಿರುವ ಸಾಧ್ಯತೆ ಹೆಚ್ಚು. ಹದಿಹರೆಯದ ಹುಡುಗರಿಗೆ ಒಂದೇ ಕಡೆಯಿಂದ ಪದೇ ಪದೇ ಬಂದರೆ ಕಿವಿ-ಮೂಗು-ಗಂಟಲು ತಜ್ಞರು ಒಳಗೆ ನೋಡಲೇಬೇಕು.

ಯಾವ ಪ್ಲಗ್

ಅಂಗಡಿಯಲ್ಲಿ ಬರೀ ‘ಮೂಗಿನ ಪ್ಲಗ್’ ಎಂದು ಕೇಳಿದರೆ ಈಜುವವರು ಸಿಕ್ಕಿಸಿಕೊಳ್ಳುವ ಕ್ಲಿಪ್ ಕೈಗೆ ಬಂದೀತು. ರಕ್ತ ಹೀರುವ ಪ್ಲಗ್ ಎಂದು ಬಿಡಿಸಿ ಹೇಳಿ.

ಮನೆಗೆ ಅನುಕೂಲವಾದದ್ದು ಕ್ಯಾಲ್ಸಿಯಂ ಆಲ್ಜಿನೇಟ್‌ನದ್ದು. ಕಂದು ಬಣ್ಣದ ಕಡಲಪಾಚಿಯಿಂದ ತೆಗೆದ ನಾರು ಇದು. ಒಂದು ಚೂರು ನಾರನ್ನು ಬೆರಳ ಮೇಲಿಟ್ಟು ಎರಡು ಹನಿ ಉಪ್ಪುನೀರು ಬಿಟ್ಟು ನೋಡಿ: ಹತ್ತಿಯಂತೆ ಮುದ್ದೆಯಾಗಿ ಕುಗ್ಗುವ ಬದಲು ಎಳೆಗಳು ಉಬ್ಬಿ ಲೋಳೆಯಾಗತೊಡಗುತ್ತವೆ. ರಕ್ತದ ಸೋಡಿಯಂ ನಾರಿನೊಳಗೆ ಹೋಗುತ್ತದೆ, ನಾರಿನ ಕ್ಯಾಲ್ಸಿಯಂ ಹೊರಗೆ ಬರುತ್ತದೆ. ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕೇ ಬೇಕು, ಹಾಗಾಗಿ ಅದು ಹೆಪ್ಪಿಗೆ ಒತ್ತಾಸೆಯಾಗುತ್ತದೆ. ಲೋಳೆಯಾದದ್ದರಿಂದ ಗಾಯಕ್ಕೆ ಅಂಟುವುದೂ ಕಡಿಮೆ. ನಮ್ಮ ಆಯ್ಕೆ ಇದೇ.

ಇನ್ನೊಂದು, ಪಿವಿಎ ಎಂಬ ಪ್ಲಾಸ್ಟಿಕ್‌ನ, ಒತ್ತಿ ಗಟ್ಟಿಮಾಡಿದ ಸ್ಪಂಜು. ಒಣಗಿದ್ದಾಗ ರಟ್ಟಿನಂತೆ ಬಿರುಸು, ನೀರು ಬಿದ್ದರೆ ಹಲವು ಪಟ್ಟು ಊದಿಕೊಳ್ಳುತ್ತದೆ. ಮೆರೊಸೆಲ್ ಎಂಬ ಬ್ರ್ಯಾಂಡ್ ಈ ಜಾತಿಯದು. ಆಸ್ಪತ್ರೆಯಲ್ಲಿ ಬಳಸುವ ಉದ್ದನೆಯ ಪ್ಯಾಕ್ ಆನ್‌ಲೈನ್‌ನಲ್ಲಿ ಸಿಕ್ಕರೂ ಮನೆಯಲ್ಲಿ ತಾವೇ ಹಾಕಿಕೊಳ್ಳುವಂಥದ್ದಲ್ಲ. ಗಾಳಿ ತುಂಬುವ ಬಲೂನಿನ ಪ್ಯಾಕ್ ಕೂಡ ಹಾಗೆಯೇ. ಜೆಲಟಿನ್ ಸ್ಪಂಜು, ಆಕ್ಸಿಡೀಕರಿಸಿದ ಸೆಲ್ಯುಲೋಸ್ ಇವು ಒಳಗೇ ಕರಗುವಂಥವು. ತೆಗೆಯುವ ಗೋಜಿಲ್ಲ ಎಂಬುದು ಇವುಗಳ ಹೆಚ್ಚುಗಾರಿಕೆ, ಆದರೆ ವೈದ್ಯರ ಸಲಹೆಯ ಮೇಲೆ ಮಾತ್ರ.

ಏನೂ ಸಿಗದ ಊರಲ್ಲಿ? ಸ್ಟೆರೈಲ್ (ರೋಗಾಣು ಇಲ್ಲದ) ಗಾಜ್ ಬಟ್ಟೆಯನ್ನು ಕಿರುಬೆರಳಿಗಿಂತ ತೆಳ್ಳಗೆ ಬಿಗಿಯಾಗಿ ಸುತ್ತಿ, ಕತ್ತರಿಸಿದ ಅಂಚು ಒಳಗೆ ಹೋಗುವಂತೆ ಮಡಚಿ, ಹೊರಮೈಗೆ ತೆಳುವಾಗಿ ವ್ಯಾಸಲಿನ್ ಸವರಿ ಬಳಸಬಹುದು. ಬಾಲ ಎರಡು ಸೆಂಟಿಮೀಟರ್ ಹೊರಗೇ ಇರಬೇಕು. ಟಿಶ್ಯೂ ಪೇಪರ್ ಬೇಡ, ಒದ್ದೆಯಾದೊಡನೆ ಚೂರಾಗಿ ಒಳಗೆ ಉಳಿಯುತ್ತದೆ. ಬರೀ ಹತ್ತಿ ಏಕೆ ಬೇಡ ಎಂದು ಆಗಲೇ ಹೇಳಿದೆವು.

ಪದೇ ಪದೇ ರಕ್ತ ಬರುವವರಿರುವ ಮನೆಯಲ್ಲಿ ಒಂದು ಸ್ಟೀಲ್ ಡಬ್ಬಿಯಲ್ಲಿ ಇವನ್ನು ಇಟ್ಟಿರಿ: ದಾರವಿರುವ ಪ್ಲಗ್ ನಾಲ್ಕು, 0.9% ಸಲೈನ್ (ಉಪ್ಪುನೀರು) ಹನಿ ಅಥವಾ ಸ್ಪ್ರೇ, ಚಿಕ್ಕ ವ್ಯಾಸಲಿನ್, ಕೈಗವಸು ಎರಡು ಜೊತೆ. ಸಲೈನ್ ಇಲ್ಲದಿದ್ದರೆ ಕಾಲು ಲೀಟರ್ ಕುದಿಸಿ ಆರಿಸಿದ ನೀರಿಗೆ ಸುಮಾರು 2 ಗ್ರಾಂ ಉಪ್ಪು, ಅಂದರೆ ಅರ್ಧ ಟೀ ಚಮಚಕ್ಕಿಂತ ತುಸು ಕಡಿಮೆ. ಒಂದು ದಿನಕ್ಕಿಂತ ಹೆಚ್ಚು ಇಡಬೇಡಿ. ಟಾರ್ಚ್ ಮತ್ತು ಗಡಿಯಾರ ಎರಡೂ ಮೊಬೈಲಿನಲ್ಲೇ ಇವೆ.

ಮೊದಲ ಹದಿನೈದು ನಿಮಿಷ: ಬರೀ ಬೆರಳು

ಪ್ಲಗ್ ಹಾಕುವ ಮುನ್ನ ಬೆರಳಿನಿಂದ ಒತ್ತಿ ನೋಡಲೇಬೇಕು. ಸರಿಯಾಗಿ ಒತ್ತಿದರೆ ಬಹಳಷ್ಟು ಸಲ ಪ್ಲಗ್ ಬೇಕಾಗುವುದೇ ಇಲ್ಲ.

1. ಕುರ್ಚಿಯಲ್ಲಿ ನೆಟ್ಟಗೆ ಕೂತು, ಊಟದ ತಟ್ಟೆಗೆ ಬಗ್ಗಿದಷ್ಟು ಮುಂದೆ ಬಾಗಿ. ಮಡಿಲಲ್ಲಿ ಬೋಗುಣಿ ಇರಲಿ. ಮಲಗಬಾರದು. ಹಿಂದಕ್ಕೆ ಬಾಗಿದರೆ ರಕ್ತ ಹೊಟ್ಟೆಗೆ ಹೋಗಿ ವಾಂತಿಯಾಗುತ್ತದೆ, ವಾಂತಿಯ ಒತ್ತಡಕ್ಕೆ ರಕ್ತ ಮತ್ತೆ ಹೆಚ್ಚುತ್ತದೆ.

2. ಸಿಂಬಳ ತೆಗೆಯುವಾಗಿನಂತೆ ಒಮ್ಮೆ ಮೆಲ್ಲಗೆ ಮೂಗು ಸೀದಿ, ಒಳಗಿನ ಗರಣೆಗಳನ್ನು (ಗಟ್ಟಿಯಾದ ರಕ್ತದ ಉಂಡೆಗಳನ್ನು) ಹೊರಹಾಕಿ. ಇದು ಅನೇಕರಿಗೆ ವಿಚಿತ್ರ ಅನ್ನಿಸುತ್ತದೆ. ಸಡಿಲ ಗರಣೆ ನಾಳದ ಬಾಯಿ ಮುಚ್ಚಿಕೊಳ್ಳಲು ಬಿಡುವುದಿಲ್ಲ, ಒತ್ತಡವೂ ಸರಿಯಾಗಿ ತಾಗುವುದಿಲ್ಲ. ಒಂದೇ ಸಲ ಮಾಡಿ, ಆಮೇಲೆ ಮಾಡಬೇಡಿ.

3. ದೊಡ್ಡವರಲ್ಲಿ, ಬಿಪಿ ಅಥವಾ ಹೃದಯದ ತೊಂದರೆ ಇಲ್ಲದವರು, ಆಕ್ಸಿಮೆಟಜೊಲಿನ್ 0.05% ಸ್ಪ್ರೇಯನ್ನು ರಕ್ತ ಬರುವ ಹೊಳ್ಳೆಗೆ ಎರಡು ಸಲ ಬಿಡಬಹುದು. ನಾಳಗಳನ್ನು ಕುಗ್ಗಿಸುತ್ತದೆ. ಇದನ್ನು ಮೂರು ದಿನಕ್ಕಿಂತ ಹೆಚ್ಚು ಬಳಸಿದರೆ ಮೂಗು ಇನ್ನಷ್ಟು ಕಟ್ಟಿಕೊಳ್ಳುತ್ತದೆ.

4. ಹೆಬ್ಬೆರಳು-ತೋರುಬೆರಳಿನಿಂದ ಮೂಗನ್ನು ಹಿಡಿಯಿರಿ. ಎಲ್ಲಿ ಹಿಡಿಯಬೇಕು ಎಂಬುದರಲ್ಲೇ ಎಲ್ಲ ಇದೆ. ಕನ್ನಡಕದ ಮೆತ್ತೆ ಕೂರುವ ಕಡೆ ಬೆರಳಿಟ್ಟು ಕೆಳಗೆ ಜಾರಿಸುತ್ತಾ ಬನ್ನಿ. ಮೂಳೆ ಮುಗಿದು ಮೂಗು ಮೆತ್ತಗಾಗುವ ಒಂದು ಅಂಚು ಸಿಗುತ್ತದೆ. ಅದರ ಕೆಳಗಿನ ಮೆತ್ತನೆ ಭಾಗವನ್ನು ಪೂರ್ತಿ, ಎರಡು ಹೊಳ್ಳೆಯೂ ಮುಚ್ಚುವಂತೆ ಒತ್ತಿ. ಮೂಳೆಯ ಮೇಲೆ ಎಷ್ಟು ಒತ್ತಿದರೂ ಪ್ರಯೋಜನವಿಲ್ಲ.

5. ಗಡಿಯಾರ ನೋಡಿ ಹತ್ತರಿಂದ ಹದಿನೈದು ನಿಮಿಷ. ಬಾಯಲ್ಲಿ ಉಸಿರಾಡಿ, ಬಾಯಿಗೆ ಬಂದದ್ದನ್ನು ಉಗುಳಿ. ನಡುವೆ ‘ನಿಂತಿತೇ’ ಎಂದು ಬಿಟ್ಟು ನೋಡಿದರೆ ಲೆಕ್ಕ ಮತ್ತೆ ಸೊನ್ನೆಯಿಂದ.

ನಿಂತರೆ ಪ್ಲಗ್ ಡಬ್ಬಿಯಲ್ಲೇ ಇರಲಿ. ‘ಇರಲಿ ಒಂದು’ ಎಂದು ಮುಂಜಾಗ್ರತೆಗೆ ಹಾಕುವುದು ಕೂತ ಹೆಪ್ಪನ್ನು ಕೆದಕಿದಂತೆ. ಗರಿಕೆ ರಸ, ಈರುಳ್ಳಿ ರಸವನ್ನೂ ಹಸಿ ಗಾಯದ ಮೇಲೆ ಹಾಕಬೇಡಿ.

ಪ್ಲಗ್ ಹಾಕುವುದು

ಧಾರೆ ಕಡಿಮೆಯಾಗಿದೆ, ಆದರೆ ಹನಿ ನಿಲ್ಲುತ್ತಿಲ್ಲ: ಪ್ಲಗ್‌ಗೆ ಸರಿಯಾದ ಹೊತ್ತು ಇದು. ಕೈ ತೊಳೆದು ಗವಸು ಹಾಕಿ. ಬಾಯಿ ತೆರೆಸಿ ಗಂಟಲ ಹಿಂಗೋಡೆಗೆ ಟಾರ್ಚ್ ಬಿಡಿ. ಅಲ್ಲಿ ರಕ್ತದ ಗೆರೆ ನಿಲ್ಲದೆ ಇಳಿಯುತ್ತಿದ್ದರೆ ಪ್ಲಗ್ ಬೇಡ, ಆಸ್ಪತ್ರೆ.

ಯಾವ ಹೊಳ್ಳೆ? ಮೊದಲು ರಕ್ತ ಬಂದ ಕಡೆಯದು. ಎರಡರಲ್ಲೂ ಬರುತ್ತಿದೆ ಅನ್ನಿಸಿದರೂ ಸಾಮಾನ್ಯವಾಗಿ ಒಂದು ಕಡೆಯದೇ ಹಿಂದಿನಿಂದ ಸುತ್ತಿ ಇನ್ನೊಂದು ಕಡೆ ಇಳಿದಿರುತ್ತದೆ. ಎರಡೂ ಹೊಳ್ಳೆಗೆ ಬಿಗಿಯಾಗಿ ತುಂಬುವುದು ಮನೆಯಲ್ಲಿ ಮಾಡುವ ಕೆಲಸವಲ್ಲ. ನಡುಗೋಡೆ ಎರಡೂ ಕಡೆಯಿಂದ ಒತ್ತಿ ಹಿಡಿದರೆ ರಕ್ತಸಂಚಾರ ಕಡಿದು ಹುಣ್ಣಾಗುತ್ತದೆ.

ಈಗ ದಿಕ್ಕು. ನಾಲಿಗೆಯ ತುದಿಯನ್ನು ಬಾಯಿಯ ಗಟ್ಟಿ ಅಂಗುಳಕ್ಕೆ ತಾಗಿಸಿ. ಅದರ ಮೇಲ್ಮಗ್ಗುಲೇ ಮೂಗಿನ ನೆಲ. ಪ್ಲಗ್ ಈ ನೆಲದ ಗುಂಟ, ನೇರ ಹಿಂದಕ್ಕೆ, ಕಿವಿಯ ಕಡೆಗೆ ಮುಖಮಾಡಿದಂತೆ ಹೋಗಬೇಕು. ಕನ್ನಡಿ ಮುಂದೆ ನಿಂತವರ ಕೈ ತಂತಾನೇ ಹುಬ್ಬಿನ ಕಡೆಗೆ, ಮೇಲಕ್ಕೆ ತಳ್ಳುತ್ತದೆ, ಏಕೆಂದರೆ ಹೊರಗಿನಿಂದ ಮೂಗು ಹಾಗೆ ಕಾಣುತ್ತದೆ. ಮೇಲಕ್ಕೆ ತಳ್ಳಿದರೆ ಪಕ್ಕದ ಗೋಡೆಯ ಸೂಕ್ಷ್ಮ ತಿರುಳಿಗೆ ತಿವಿದು ಹೊಸ ಗಾಯವಾಗುತ್ತದೆ.

ತಲೆಯನ್ನು ಸಮಕ್ಕೆ ತಂದು, ಮೂಗಿನ ತುದಿಯನ್ನು ಒಂದು ಬೆರಳಿನಿಂದ ತುಸು ಎತ್ತಿ, ಪ್ಲಗ್ಗನ್ನು ಮೆಲ್ಲಗೆ ತಿರುಗಿಸುತ್ತಾ ಒಳಗಿಡಿ. ಆಲ್ಜಿನೇಟ್ ಪ್ಲಗ್ಗನ್ನು ಒಣಗಿಯೇ ಇಡಬೇಕೋ ತೇವ ಮಾಡಿಯೋ ಎಂಬುದು ತಯಾರಿಕೆಯ ಮೇಲೆ ಹೋಗುತ್ತದೆ, ಪೊಟ್ಟಣದ ಮೇಲಿನ ಮಾತೇ ಅಂತಿಮ. ಮೆತ್ತನೆ ಭಾಗ ತುಂಬುವಷ್ಟು, ದೊಡ್ಡವರಲ್ಲಿ ಸುಮಾರು ಎರಡು-ಎರಡೂವರೆ ಸೆಂಟಿಮೀಟರ್ ಒಳಗೆ ಹೋದರೆ ಸಾಕು. ತುದಿಯೋ ದಾರವೋ ಹೊರಗೆ ಕಾಣುತ್ತಿರಬೇಕು. ದಾರವನ್ನು ಕೆನ್ನೆಗೆ ಟೇಪ್ ಹಚ್ಚಿ. ಅಡ್ಡ ತಾಗಿದರೆ ಬಲ ಹಾಕಬೇಡಿ. ನಡುಗೋಡೆ ಒಂದು ಬದಿಗೆ ವಾಲಿರುವವರು ಬಹಳ ಜನ, ಅವರಿಗೆ ಚಿಕ್ಕ ಅಳತೆಯದು ಬೇಕಾಗುತ್ತದೆ. ಹಾಕಿದ ಮೇಲೆ ತುಂಬಿದಂತೆ ಅನ್ನಿಸಬೇಕು, ನೋಯಬಾರದು. ಕಣ್ಣಲ್ಲಿ ನೀರು ಸುರಿಯುವಷ್ಟು ನೋವಾದರೆ ಅಳತೆ ದೊಡ್ಡದಾಯಿತು ಎಂದೇ ಅರ್ಥ.

ಮತ್ತೆ ಮುಂದೆ ಬಾಗಿ, ಪ್ಲಗ್ ಮೇಲಿಂದ ಮೂಗನ್ನು ಹತ್ತು ನಿಮಿಷ ಒತ್ತಿ. ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಪ್ಲಗ್ ಹೀರುತ್ತದೆ, ಒತ್ತಡದ ಬಹುಪಾಲು ಬೆರಳಿನದೇ. ಒಂದೇ ಸಮನೆ ಹೀರುತ್ತಾ ಹೋಗುವ ಪ್ಲಗ್ ರಕ್ತ ನಿಲ್ಲಿಸುತ್ತಿಲ್ಲ, ಬರೀ ಸಂಗ್ರಹಿಸುತ್ತಿದೆ.

ಬೆರಳು ಬಿಟ್ಟ ಮೇಲೆ ಎರಡು ಕಡೆ ನೋಡಿ: ಹೊಳ್ಳೆಯ ಅಂಚು, ಮತ್ತೆ ಗಂಟಲು. ಎರಡೂ ಒಣಗಿದ್ದರೆ ಹಾಕಿದ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದಿಡಿ. ಪ್ಲಗ್ ತೊಯ್ದು ತೊಟ್ಟಿಕ್ಕುತ್ತಿದ್ದರೆ ಅದರ ಹಿಂದೆ ಇನ್ನೊಂದನ್ನು ತುರುಕಬೇಡಿ. ಮೂಗು ಒತ್ತಿ ಹಿಡಿದುಕೊಂಡೇ ಆಸ್ಪತ್ರೆಗೆ ಹೊರಡಿ.

ತೆಗೆಯುವುದು

ಎಷ್ಟು ಹೊತ್ತು ಇರಬೇಕು ಎಂಬುದನ್ನು ಪೊಟ್ಟಣ ಹೇಳುತ್ತದೆ. ಹೇಳದಿದ್ದರೆ, ರಕ್ತ ನಿಂತು ಅರ್ಧ ಗಂಟೆ ಆದಮೇಲೆ ತೆಗೆಯಬಹುದು. ಮನೆಯಲ್ಲಿ ಹಾಕಿದ ಪ್ಲಗ್ ಇಟ್ಟುಕೊಂಡು ರಾತ್ರಿ ಮಲಗಬೇಡಿ. ನಿದ್ದೆಯಲ್ಲಿ ಜಾರಬಹುದು, ರಕ್ತ ಗಂಟಲಿಗೆ ಇಳಿದರೂ ತಿಳಿಯುವುದಿಲ್ಲ. ಹೆಚ್ಚು ಕಾಲ ಉಳಿದ ಪ್ಲಗ್‌ನಲ್ಲಿ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುವುದೂ ಉಂಟು. ಅಪರೂಪ, ಆದರೆ ಜೀವಕ್ಕೆ ಎರವಾಗುವಂಥದ್ದು. ಹಠಾತ್ ಜೋರು ಜ್ವರ, ಬಿಸಿಲಿಗೆ ಸುಟ್ಟಂತೆ ಮೈ ಕೆಂಪಾಗುವುದು, ವಾಂತಿ-ಭೇದಿ, ತಲೆ ತಿರುಗುವುದು ಕಂಡರೆ ಪ್ಲಗ್ ತೆಗೆದು ಆಸ್ಪತ್ರೆಗೆ ಧಾವಿಸಿ, ಪ್ಲಗ್ ಹಾಕಿದ್ದ ಸಂಗತಿಯನ್ನು ವೈದ್ಯರಿಗೆ ಮರೆಯದೆ ಹೇಳಿ.

ತೆಗೆಯುವ ಮುನ್ನ ನೆನೆಸುವುದು ಕಡ್ಡಾಯ. ತಲೆ ಸಮ ಇಟ್ಟು, ಪ್ಲಗ್‌ನ ಹೊರತುದಿಗೆ ಹತ್ತರಿಂದ ಹದಿನೈದು ಹನಿ ಸಲೈನ್ ಒಂದೊಂದಾಗಿ ಬಿಡಿ. ಸುರಿದರೆ ಗಂಟಲಿಗೆ ಹೋಗುತ್ತದೆ, ಪ್ಲಗ್ ಹೀರುವುದಿಲ್ಲ. ಐದು ನಿಮಿಷ ಕಾಯಿರಿ. ಪ್ಲಗ್‌ನ ತುದಿ ಕಂದು ಬಣ್ಣದಿಂದ ತೆಳು ಗುಲಾಬಿಗೆ ತಿರುಗಿ, ಮುಟ್ಟಿದರೆ ಜಾರುವಂತಾಗಿರಬೇಕು. ಇನ್ನೂ ಗಟ್ಟಿ ಇದ್ದರೆ ಇನ್ನೊಮ್ಮೆ ನೆನೆಸಿ.

ಮುಂದೆ ಬಾಗಿ, ದಾರ ಅಥವಾ ತುದಿಯನ್ನು ಹಿಡಿದು ಮೊದಲು ಒಂದು ಕೂದಲೆಳೆಯಷ್ಟು ಎಡಬಲಕ್ಕೆ ಅಲುಗಿಸಿ. ಇಡೀ ಪ್ಲಗ್ ಜೊತೆಗೆ ಅಲುಗಿದರೆ ಬಿಟ್ಟಿದೆ ಎಂದರ್ಥ. ತುದಿ ಮಾತ್ರ ಅಲುಗಿ ಒಳಗೆಲ್ಲೋ ಚುಳ್ಳೆಂದರೆ ಅಂಟಿದೆ. ಮತ್ತೆ ಸಲೈನ್, ಮತ್ತೆ ಐದು ನಿಮಿಷ. ಬಿಟ್ಟ ಮೇಲೆ ಹಾಕಿದ ದಾರಿಯಲ್ಲೇ, ನೇರ ಮುಂದಕ್ಕೆ, ನಿಧಾನವಾಗಿ ಎಳೆಯಿರಿ. ಗಾಯದ ಪಟ್ಟಿಯನ್ನು ಸರ್ರನೆ ಎಳೆದು ಕಿತ್ತಂತೆ ಇಲ್ಲಿ ಮಾಡಬಾರದು. ಮೂರು ಸಲ ನೆನೆಸಿದರೂ ಬಿಡದಿದ್ದರೆ ವೈದ್ಯರೇ ತೆಗೆಯಲಿ.

ಹೊರಬಂದದ್ದನ್ನು ಎಸೆಯುವ ಮುನ್ನ ಬಿಡಿಸಿ ನೋಡಿ. ಪೂರ್ತಿ ಇದೆಯೇ, ತುದಿ ಹರಿದಿದೆಯೇ? ಆಲ್ಜಿನೇಟ್‌ನ ಒಂದೆರಡು ಲೋಳೆ ಎಳೆ ಉಳಿದರೆ ಸಲೈನ್ ಸ್ಪ್ರೇಗೆ ಮೆಲ್ಲಗೆ ಹೊರಬರುತ್ತವೆ. ಗಾಜ್ ಅಥವಾ ಸ್ಪಂಜಿನ ತುಂಡು ಉಳಿದಿದ್ದರೆ ಬರದು, ಚಿಮುಟದಿಂದ ಹುಡುಕಾಡಲೂಬೇಡಿ. ಹಾಗೆ ಉಳಿದದ್ದು ನಾಲ್ಕು ದಿನಕ್ಕೆ ನಾರತೊಡಗುತ್ತದೆ. ತೆಗೆದ ಕೂಡಲೇ ಒಂದೆರಡು ಹನಿ ರಕ್ತ ಕಂಡರೆ ಗಾಬರಿ ಬೇಡ, ಐದು ನಿಮಿಷ ಒತ್ತಿ ಹಿಡಿಯಿರಿ.

ಆಸ್ಪತ್ರೆಗೆ ಯಾವಾಗ

ಬೆರಳು, ಪ್ಲಗ್ ಎಲ್ಲ ಸೇರಿ ಅರ್ಧ ಗಂಟೆಯಾದರೂ ನಿಲ್ಲದಿದ್ದರೆ. ಧಾರೆಯಾಗಿ ಸುರಿದರೆ, ಗಂಟಲಿಗೆ ಇಳಿಯುತ್ತಲೇ ಇದ್ದರೆ, ಮುಖ ಬಿಳುಚಿ ಬೆವರಿದರೆ, ಉಸಿರು ಕಟ್ಟಿದರೆ, ತಲೆ ತಿರುಗಿದರೆ ಅರ್ಧ ಗಂಟೆಯೂ ಕಾಯದೆ 108ಕ್ಕೆ ಕರೆ ಮಾಡಿ. ಪೆಟ್ಟಿನ ನಂತರ ಮೂಗು ಒಳಗೇ ಊದಿ ಎರಡೂ ಕಡೆ ಕಟ್ಟಿಕೊಂಡರೆ ನಡುಗೋಡೆಯೊಳಗೆ ರಕ್ತ ತುಂಬಿರಬಹುದು. ಅದನ್ನು ಅಂದೇ ತೆಗೆಯದಿದ್ದರೆ ಮೃದ್ವಸ್ಥಿ ಕರಗಿ ಮೂಗು ಕುಸಿಯಬಹುದು. ರಕ್ತ ಬರುವಾಗ ಬಿಪಿ ನೋಡಿ ಹೆಚ್ಚಿದೆ ಎಂದು ಮಾತ್ರೆ ಎರಡು ನುಂಗುವುದು ಬೇಡ, ಗಾಬರಿಗೇ ಬಿಪಿ ಏರಿರುತ್ತದೆ.

ಅಲ್ಲಿ ವೈದ್ಯರು ಸಿಲ್ವರ್ ನೈಟ್ರೇಟ್ ಕಡ್ಡಿಯಿಂದ ನಾಳದ ಬಾಯಿ ಸುಡಬಹುದು, ಅಥವಾ ಉದ್ದನೆಯ ಪ್ಯಾಕ್ ಹಾಕಿ ಒಂದೆರಡು ದಿನ ಬಿಡಬಹುದು. ಅದನ್ನು ಮನೆಯಲ್ಲಿ ನೀವೇ ತೆಗೆಯಬೇಡಿ.

ಮುಂದಿನ ಹತ್ತು ದಿನ

ಮೊದಲ ದಿನ ಮೂಗು ಸೀದಬೇಡಿ. ಸೀನು ಬಂದರೆ ಬಾಯಿ ತೆರೆದು ಸೀನಿ. ಕುದಿಯುವ ಕಾಫಿ, ಬಿಸಿನೀರಿನ ತಲೆಸ್ನಾನ ಬೇಡ. ರಾತ್ರಿ ಎರಡು ದಿಂಬು. ಒಂದು ವಾರ ಸಿಲಿಂಡರ್, ಅಕ್ಕಿಮೂಟೆ ಎತ್ತಬೇಡಿ. ಗಾಯದ ಮೇಲೆ ಕಟ್ಟುವ ಹಕ್ಕಳೆ ಮೂರ್ನಾಲ್ಕನೇ ದಿನ ತುರಿಸತೊಡಗುತ್ತದೆ, ಅದನ್ನು ಕಿತ್ತರೆ ಕಥೆ ಮತ್ತೆ ಮೊದಲಿಗೆ. ತುರಿಕೆಗೆ ಮದ್ದು ದಿನಕ್ಕೆರಡು ಸಲ ವ್ಯಾಸಲಿನ್: ಕಡಲೆಬೇಳೆಯಷ್ಟನ್ನು ಬೆರಳ ತುದಿಯಲ್ಲಿ ತೆಗೆದು ಹೊಳ್ಳೆಯ ಬಾಯೊಳಗೆ ಹಚ್ಚಿ, ಹೊರಗಿನಿಂದ ಮೂಗು ಹಿಸುಕಿದರೆ ಅದೇ ಒಳಗೆ ಹರಡುತ್ತದೆ. ಕಡ್ಡಿ, ಇಯರ್‌ಬಡ್ ಬೇಡ.

ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ‘ಉಷ್ಣ ಆಯಿತು’ ಎನ್ನುವುದರ ಹಿಂದೆ ಇರುವುದು ಒಣಗಾಳಿಗೆ ಬಿರಿದ ಪೊರೆ. ಕೊಲ್ಲಿ ದೇಶಗಳ ಎಸಿ ಕೋಣೆಯಲ್ಲಿ, ಅಮೆರಿಕದ ಚಳಿಗಾಲದ ಹೀಟರ್ ಮುಂದೆ ಇರುವವರಿಗೂ ಆಗುವುದು ಇದೇ. ಸಲೈನ್ ಸ್ಪ್ರೇ ದಿನಕ್ಕೆ ಮೂರ್ನಾಲ್ಕು ಸಲ, ಮಲಗುವ ಮುನ್ನ ವ್ಯಾಸಲಿನ್, ಮಕ್ಕಳ ಉಗುರು ವಾರಕ್ಕೊಮ್ಮೆ.

ಅಲರ್ಜಿಗೆ ಸ್ಟಿರಾಯ್ಡ್ ಸ್ಪ್ರೇ ಬಳಸುವವರಿಗೆ ಆಗಾಗ ಒಂದೇ ಕಡೆ ರಕ್ತ ಬರುತ್ತಿದ್ದರೆ ಕೈ ಬದಲಿಸಿ ನೋಡಿ. ಬಲಗೈಯಲ್ಲಿ ಬಲಹೊಳ್ಳೆಗೆ ಬಿಟ್ಟರೆ ಸ್ಪ್ರೇ ನೇರ ನಡುಗೋಡೆಗೆ ಬಡಿಯುತ್ತದೆ. ಎಡಗೈಯಲ್ಲಿ ಬಲಹೊಳ್ಳೆಗೆ, ಬಲಗೈಯಲ್ಲಿ ಎಡಹೊಳ್ಳೆಗೆ ಬಿಟ್ಟರೆ ತುದಿ ತಾನಾಗಿ ಹೊರಗಿನ ಕಿವಿಯ ಕಡೆಗೆ ತಿರುಗುತ್ತದೆ.